ತೋಳಿಗೆ ಕಟ್ಟಿದ ಚೀಟಿ

ಅಕ್ಷರ ಬಾರದವನೊಬ್ಬ ಕೈಯಲ್ಲಿ ಚೀಟಿ ಹಿಡಿದು ನಿಮ್ಮೆದುರು ನಿಂತಾಗ, ಅದರಲ್ಲೇನು ಬರೆದಿದೆ ಎಂದು ಓದಿ ಹೇಳದೆ ನೀವು ಎಷ್ಟು ಸಲ ಮುಖ ತಿರುಗಿಸಿಕೊಂಡು ಹೋಗಿದ್ದೀರಿ? ಸಮಯವಿರಲಿಲ್ಲ ಎನ್ನುವಿರಾ? ಬಸ್ಸು ಹೊರಟಿತ್ತು ಎನ್ನುವಿರಾ? ಹಾಗಾದರೆ ಜವರಿಯ ಕಥೆ ಕೇಳಿ. ಕೇಳಿದ ಮೇಲೆ ಆ ನೆಪವನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿ, ನೋಡೋಣ.

ಹನಗೋಡಿನಿಂದಾಚೆ, ಕಾಡಿನ ಸೆರಗಿಗೆ ಅಂಟಿಕೊಂಡ ಒಂದು ಹಾಡಿಯಲ್ಲಿ ಜವರಿ, ಅವಳ ಗಂಡ ಜೋಗಯ್ಯ ಬಾಳುತ್ತಿದ್ದರು. ಇಪ್ಪತ್ತು ಹುಲ್ಲಿನ ಗುಡಿಸಲುಗಳ ಆ ಹಾಡಿಯಲ್ಲಿ ಜೇನು ಇಳಿಸುವುದರಲ್ಲಿ ಜೋಗಯ್ಯನನ್ನು ಮೀರಿಸಿದವರಿರಲಿಲ್ಲ. ಹೆಜ್ಜೇನಿನ ಎದುರು ಅವನು ಹಾಡು ಹೇಳುತ್ತಾ ಮರ ಹತ್ತುತ್ತಿದ್ದ. ಜವರಿ ಕೆಳಗೆ ನಿಂತು ಹಗ್ಗದ ತುದಿ ಹಿಡಿಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಆ ಹಗ್ಗ ಒಮ್ಮೆಯೂ ಅವಳ ಕೈ ಜಾರಿರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಹಗ್ಗ ಜಾರಲಿಲ್ಲ, ಕೊಂಬೆಯೇ ಮುರಿಯಿತು. ಬಿದ್ದ ಜೋಗಯ್ಯನ ಸೊಂಟದ ಎಲುಬಿಗೆ ಪೆಟ್ಟಾಗಿ ಮೂತ್ರ ಕಟ್ಟಿಹೋಯಿತು. ಹಾಡಿಯವರು ಅವನನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಒಂದು ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಯಾವ ಪೇಟೆ, ಯಾವ ಆಸ್ಪತ್ರೆ ಎಂದು ಹೇಳಿ ಒಬ್ಬರನ್ನು ಹಳಿಯುವುದು ನನಗೆ ಬೇಡ. ಆ ತಪ್ಪು ನಡೆಯದ ಊರಿಲ್ಲ. ಅಲ್ಲಿನ ಡಾಕ್ಟರು ಒಳ್ಳೆಯವರೇ. ಮೂತ್ರಕೋಶಕ್ಕೆ ರಬ್ಬರಿನ ಕೊಳವೆಯೊಂದನ್ನು ಇಳಿಸಿ, ಅದರ ತುದಿಗೆ ಗಾಜಿನ ಸೀಸೆ ಕಟ್ಟಿ, ಪ್ರಾಣ ಉಳಿಸಿದರು. ವಾರ ಕಳೆದು ಮನೆಗೆ ಕಳಿಸುವಾಗ, "ಕೊಳವೇನ ಯಾರೂ ಮುಟ್ಬೇಡಿ. ಹದಿನೈದು ದಿನ ಬಿಟ್ಟು ಬನ್ನಿ, ನಾನೇ ತೆಗೀತೀನಿ" ಎಂದು ಹೇಳಿ, ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟು ಮುಂದಿನ ಹಾಸಿಗೆಗೆ ನಡೆದುಬಿಟ್ಟರು. ಅವರ ಹಿಂದೆ ಇನ್ನೂ ಮೂವತ್ತು ಹಾಸಿಗೆಗಳಿದ್ದವು. ಚೀಟಿಯಲ್ಲಿ ಏನಿದೆಯೆಂದು ಅವರು ಹೇಳಲಿಲ್ಲ, ಜವರಿ ಕೇಳಲಿಲ್ಲ.

ಹದಿನೈದನೆಯ ದಿನ ಗಂಡಹೆಂಡಿರು ಹೋದಾಗ ಆ ಡಾಕ್ಟರಿಗೆ ವರ್ಗವಾಗಿತ್ತು.

"ಯಾವೂರ್ಗೆ ಸಾ?" ಎಂದು ಜವರಿ ಬಾಗಿಲ ಜವಾನನನ್ನು ಕೇಳಿದಳು.

"ನಂಗೇನ್ ಹೇಳೋಗವ್ರಾ? ಅವ್ರಿಲ್ಲ, ಹೋಗು ಅತ್ಲಾಗೆ."

ಅವಳು ಚೀಟಿಯನ್ನು ಅವನಿಗೆ ತೋರಿಸಿದಳು. ಅವನು ಬೀಡಿ ಹಚ್ಚಿದ. ಒಳಗಿನ ಗುಮಾಸ್ತನಿಗೆ ತೋರಿಸಿದಳು. ಅವನು "ನಾಳೆ ಬಾ" ಎಂದ. ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಕನ್ನಡಕದ ಮಹಾಶಯರ ಮುಂದೆ ಹಿಡಿದಳು. ಅವರು ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿಕೊಂಡರು. ಮೂವರಿಗೂ ಓದು ಬರುತ್ತಿತ್ತು. ಮೂವರನ್ನೂ ಯಾವುದೋ ಮೇಷ್ಟರು ಬೆತ್ತ ಹಿಡಿದು, ಗಂಟಲು ಹರಿದುಕೊಂಡು ಅಕ್ಷರ ಕಲಿಸಿದ್ದರು. ಇದಕ್ಕೇ ಏನು ಕಲಿಸಿದ್ದು?

ಹಾಡಿಯಲ್ಲಿ ಒಂದು ಕಟ್ಟಳೆ ಇತ್ತು. ಕಾಯಿಲೆಯವರ ಮೈಗೆ ಮದ್ದಿನ ದಾರವನ್ನಾಗಲಿ ಬೇರನ್ನಾಗಲಿ ಯಾರು ಕಟ್ಟುತ್ತಾರೋ ಅವರೇ ಬಿಚ್ಚಬೇಕು. ಬೇರೆ ಕೈ ತಾಗಿದರೆ ಕಾಯಿಲೆ ಇಮ್ಮಡಿಯಾಗಿ ಮರಳುತ್ತದೆ. ಪೇಟೆಯಿಂದ ಮರಳಿ ಹಾಡಿಯ ಹಿರಿಯ ಕುಳ್ಳಯ್ಯನನ್ನು ಕೇಳಿದಾಗ ಅವನೂ ಅದನ್ನೇ ಹೇಳಿದ: "ದಾರ ಆದ್ರೇನು, ರಬ್ರು ಆದ್ರೇನು? ಕಟ್ಟಿದ ಕೈಯೇ ಬಿಚ್ಬೇಕು ಕಣವ್ವ. ಆ ಡಾಕ್ಟ್ರಪ್ಪನೂ ಅದ್ನೇ ಯೋಳಿಲ್ವಾ, ಯಾರೂ ಮುಟ್ಬೇಡಿ ಅಂತ?"

ಹೀಗೆ ಪೇಟೆಯ ಅರ್ಧ ಮಾತು ಹಾಡಿಯ ಪೂರ್ತಿ ನಂಬಿಕೆಯನ್ನು ಸೇರಿಕೊಂಡಿತು. ಕೊಳವೆ ಉಳಿಯಿತು. ಜವರಿ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಟ್ಟೆಯ ಚೂರಿನಲ್ಲಿ ಹೊಲಿದು, ಗಂಡನ ಬಲತೋಳಿಗೆ ತಾಯತದ ಹಾಗೆ ಕಟ್ಟಿದಳು. ಕೈ ಸಿಗದಿದ್ದರೆ ಕೈಬರಹವಾದರೂ ಮೈಮೇಲಿರಲಿ ಎಂಬುದು ಅವಳ ಲೆಕ್ಕಾಚಾರ.

ಜೋಗಯ್ಯ ಸೀಸೆಯನ್ನು ಬಿದಿರಿನ ಪುಟ್ಟ ಬುಟ್ಟಿಯಲ್ಲಿಟ್ಟು ಸೊಂಟಕ್ಕೆ ನೇತುಹಾಕಿಕೊಂಡು ತಿರುಗಿದ. "ನೋಡ್ಲೇ ಜವರಿ, ಹೆಂಡದ ಮರಕ್ಕೆ ಗಡಿಗೆ ಕಟ್ದಂಗೆ ಕಟ್ಟವ್ರೆ ನಂಗೆ" ಎನ್ನುತ್ತಿದ್ದ.

"ಕುಡ್ಯೋರ್ ಯಾರೂ ಇಲ್ಲ, ಸುಮ್ಕಿರು" ಎಂದು ಅವಳು ನಗುತ್ತಿದ್ದಳು. ಆಮೇಲೆ ಗುಡಿಸಲ ಹಿಂದೆ ಹೋಗಿ ಸೀಸೆ ತೊಳೆಯುವಾಗ ಅಳುತ್ತಿದ್ದಳು.

ಮೂತ್ರ ಕದಡಿದ ನೀರಿನಂತೆ ಬಂದಾಗ ಅವಳು ಹನಗೋಡಿನ ಮದ್ದಿನಂಗಡಿ ಅಣ್ಣಯ್ಯನ ಬಳಿ ಹೋದಳು. ಅವನು ಒಂದು ವಾರಕ್ಕಾಗುವಷ್ಟು ಬಣ್ಣದ ಮಾತ್ರೆ ಕೊಟ್ಟ. ಮುಂದಿನ ವಾರವೂ ಕೊಟ್ಟ. ಅದರ ಮುಂದಿನ ವಾರವೂ. ರೋಗಿಯನ್ನು ಅವನು ಕಣ್ಣಿನಿಂದ ಕಂಡವನಲ್ಲ. ಮಾತ್ರೆಗೆ ಬದಲಾಗಿ ಜೇನು ಬರುತ್ತಿತ್ತು, ಜೇನು ಚೆನ್ನಾಗಿತ್ತು.

ಒಂಬತ್ತು ವಾರ ಕಳೆದವು. ಸೀಸೆಯಲ್ಲಿ ಒಡೆದ ಮೊಸರಿನಂಥ ಬಿಳಿಯ ಚೂರುಗಳು ತೇಲತೊಡಗಿದವು. ಒಂದು ಬೆಳಗ್ಗೆ ಕೊಳವೆ ಕಟ್ಟಿಕೊಂಡಿತು, ಹೊಟ್ಟೆ ಕಲ್ಲಾಯಿತು, ಮೈ ಕೆಂಡವಾಯಿತು. ಜೋಗಯ್ಯ ಹಾಸ್ಯವಾಡುವುದನ್ನು ನಿಲ್ಲಿಸಿದ. ಅವನು ಸುಮ್ಮನಾದದ್ದನ್ನು ಕಂಡು ಜವರಿಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಹನಗೋಡಿನವರೆಗೆ ಎತ್ತಿನ ಗಾಡಿ, ಅಲ್ಲಿಂದ ಹುಣಸೂರಿಗೆ ಬಸ್ಸು. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಹಿಂದಕ್ಕೆ ಹೋಗ್ ಕೂತ್ಕೊಳಿ, ಏನ್ ನಾತ ಮಾರಾಯ್ರೆ!" ಎಂದ. ಜವರಿ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನ ಕೆಳಗೆ ಕುಳಿತಳು.

ಹುಣಸೂರಿನ ಹೊರವಲಯದಲ್ಲಿ ಧರ್ಮಿಷ್ಠರೊಬ್ಬರು ಕಟ್ಟಿಸಿದ ಹತ್ತು ಹಾಸಿಗೆಯ ಆಸ್ಪತ್ರೆಯೊಂದಿತ್ತು. ಡಾಕ್ಟರ್ ವೀರಭದ್ರಸ್ವಾಮಿ ಅಲ್ಲಿನ ವೈದ್ಯರು; ಕೃಷ್ಣರಾಜನಗರದ ಕಡೆಯ ಚಿಕ್ಕಬಸಮ್ಮ ನರ್ಸು. ಡಾಕ್ಟರು ಕೊಳವೆಯನ್ನು ನೋಡಿದವರೇ, "ಎಷ್ಟು ದಿನ ಆಯ್ತು ಇದನ್ನ ಹಾಕಿ?" ಎಂದರು.

"ಒಂಬತ್ ವಾರ ಆಯ್ತು ಬುದ್ಧೀ."

"ಒಂಬತ್ತು ವಾರ! ಈಗ್ಲೇ ತೆಗೀಬೇಕು. ಜೋಗಯ್ಯನವರೇ, ಸ್ವಲ್ಪ ಕಾಲು ಚಾಚಿ."

ಜ್ವರದಲ್ಲೂ ಜೋಗಯ್ಯ ಸುತ್ತ ನೋಡಿದ. "ಯಾರ್ಲೇ ಜವರಿ ಅದು, ಜೋಗಯ್ಯನವ್ರು?" ಅವನನ್ನು ಹಾಗೆ ಕರೆದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ. ಆದರೆ ಡಾಕ್ಟರ ಕೈ ಕೊಳವೆಯ ಹತ್ತಿರ ಬಂದೊಡನೆ ಅವನು ಅವರ ಮಣಿಕಟ್ಟನ್ನು ಹಿಡಿದುಬಿಟ್ಟ. "ಬ್ಯಾಡ ಬುದ್ಧೀ. ಕಟ್ಟಿದ ಕೈ ನಿಮ್ದಲ್ಲ."

ಡಾಕ್ಟರ ಮುಖ ಕೆಂಪಾಯಿತು. "ತೆಗೀದಿದ್ರೆ ಸಾಯ್ತೀರಿ, ಗೊತ್ತೇನ್ರೀ?"

"ತಗುದ್ರೂ ಸಾಯ್ತೀನಿ. ಸಾಯೋದೇ ಆದ್ರೆ ನಮ್ ಕಟ್ಳೆ ಪರ್ಕಾರ ಸಾಯ್ತೀನಿ, ಬುಡಿ."

ಜವರಿ ಯಾರ ಕಡೆ ನಿಲ್ಲಬೇಕು? ಹಾಡಿಯ ಮಾತನ್ನು ಮೀರಿದರೆ ಗಂಡ ಸಾಯುತ್ತಾನೆಂದು ಅವಳ ಎದೆ ಹೇಳುತ್ತಿತ್ತು. ಮೀರದಿದ್ದರೆ ಸಾಯುತ್ತಾನೆಂದು ಅವಳ ಕಣ್ಣು ಹೇಳುತ್ತಿತ್ತು. ಅವಳು ಗೋಡೆಗೆ ಒರಗಿ ಕುಳಿತಳು.

ಆಗ ಚಿಕ್ಕಬಸಮ್ಮ ರೋಗಿಯ ತೋಳಿನ ಗಂಟನ್ನು ಗಮನಿಸಿದಳು. ಬೇರೆಯವರಾಗಿದ್ದರೆ ಕೊಳಕು ತಾಯತವೆಂದು ಕತ್ತರಿಸಿ ಎಸೆಯುತ್ತಿದ್ದರು. ಅವಳು ಜವರಿಯ ಪಕ್ಕ ನೆಲದ ಮೇಲೆ ಕುಳಿತು, "ಅವ್ವ, ಅದರೊಳಗೇನೈತೆ?" ಎಂದು ಕೇಳಿದಳು.

"ಆ ಡಾಕ್ಟ್ರಪ್ಪ ಬರ್ದ್ ಕೊಟ್ಟ ಚೀಟಿ ಕಣವ್ವ."

"ನೀನೇ ಕಟ್ಟಿದ್ದಾ?"

"ಊಂ."

"ಅಂಗಾದ್ರೆ ನೀನೇ ಬಿಚ್ಚಬೌದಲ್ಲ?"

ಜವರಿ ಎದ್ದು, ಗಂಡನ ತೋಳಿನ ಗಂಟನ್ನು ತಾನೇ ಬಿಚ್ಚಿ, ಹೊಲಿಗೆಯನ್ನು ಹಲ್ಲಿನಿಂದ ಕಡಿದು, ಬೆವರಿನಿಂದ ಮಾಸಿದ ಕಾಗದವನ್ನು ಹೊರತೆಗೆದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಅವರ ಕೋಪವೆಲ್ಲ ಇಳಿದುಹೋಯಿತು. ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ನಿಧಾನವಾಗಿ ಓದಿದರು:

"ಹದಿನೈದನೆಯ ದಿನ ಕೊಳವೆ ತೆಗೆಯಬೇಕು. ಅದಕ್ಕಿಂತ ಹೆಚ್ಚು ದಿನ ಇಡಕೂಡದು. ನಾನು ಸಿಗದಿದ್ದರೆ ಬೇರೆ ಯಾವ ಡಾಕ್ಟರಾದರೂ ತೆಗೆಯಬಹುದು."

ಜವರಿ ಕೇಳಿದಳು: "ಅಂದ್ರೆ... ಕಟ್ಟಿದ ಕೈಯೇ ಬಿಚ್ಚೋಕೆ ಅಪ್ಪಣೆ ಕೊಟ್ಟಿತ್ತಾ ಬುದ್ಧೀ?"

"ಕೊಟ್ಟಿತ್ತು ತಾಯಿ."

"ಇಷ್ಟ್ ದಿನದಿಂದ್ಲೂ ಅವನ ತೋಳಲ್ಲೇ ಇತ್ತಾ?"

ಡಾಕ್ಟರು ತಲೆಯಾಡಿಸಿದರು. ಜೋಗಯ್ಯ ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟು ಕಣ್ಣು ಮುಚ್ಚಿದ. "ಅಪ್ಪಣೆ ಐತಲ್ಲ, ಬಿಚ್ಚಿ ಬುದ್ಧೀ" ಎಂದ.

ಕೊಳವೆ ಹೊರಬಂದಿತು. ಅದರ ಮೈತುಂಬ ಬಿಳಿಯ ಲೋಳೆ ಮೆತ್ತಿಕೊಂಡಿತ್ತು. ಸೊಂಟದ ಪೆಟ್ಟು ಅಷ್ಟರಲ್ಲಿ ಮಾಗಿತ್ತು. ಜೋಗಯ್ಯ ಉರಿಯಲ್ಲಿ ನರಳುತ್ತಲೇ ತಾನಾಗಿ ಮೂತ್ರ ಮಾಡಿದ. ಡಾಕ್ಟರು ಅದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೋಡಿ, ಜವರಿಯನ್ನು ಕರೆದರು. ಹಾಡಿಯ ಹೆಂಗಸಿಗೆ ಇದೆಲ್ಲ ಏನು ತಿಳಿದೀತು ಎಂದು ಅವರು ಅಂದುಕೊಳ್ಳಲಿಲ್ಲ. ಆ ಒಂದು ಕಾರಣಕ್ಕೆ ಆ ಮನುಷ್ಯನಿಗೆ ನನ್ನ ನಮಸ್ಕಾರ.

"ಒಂದು ಕಣ್ಣು ಮುಚ್ಚಿ ನೋಡು ತಾಯಿ. ಏನು ಕಾಣುತ್ತೆ?"

"ರಾಗಿ ಕಾಳ್ನಂಗೆ... ಒಂದ್ರ ಬೆನ್ನಿಗೊಂದು ಮೊಳ್ತಂಗೈತೆ."

"ಅದು ಒಂದು ಬಗೆ ಬೂಷ್ಟು. ಶಿಲೀಂಧ್ರ ಅಂತೀವಿ ನಾವು. ನಮ್ಮ ಮೈಯೊಳಗೆ ಒಳ್ಳೇ ಜೀವಾಣುಗಳೂ ಇರ್ತವೆ. ನೀನು ಹೇಳಿದ ಆ ಬಣ್ಣದ ಮಾತ್ರೆ ಕೆಟ್ಟವನ್ನೂ ಕೊಂದಿತು, ಒಳ್ಳೇವನ್ನೂ ಕೊಂದಿತು. ಬೂಷ್ಟಿಗೆ ಆ ಮಾತ್ರೆ ತಾಗೋದಿಲ್ಲ. ಕೊಳವೆಯ ಮೇಲೆ ಹತ್ತಿಕೊಂಡು ಮೂತ್ರಕೋಶದಲ್ಲಿ ಮನೆ ಮಾಡಿಕೊಂಡಿತು."

ಜವರಿ ಯೋಚಿಸಿದಳು. "ಜೇನು ಎದ್ದೋದ ಎರೀಗೆ ಹುಳ ಬೀಳ್ತದಲ್ಲ, ಅಂಗೆ ಅನ್ನಿ. ಜೇನ್ನೊಣಗಳ್ನ ಓಡಿಸ್ದೋರು ನಾವೇ."

"ಇದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರೂ ಹೇಳಿರಲಿಲ್ಲ" ಎಂದರು ಡಾಕ್ಟರು.

ಕೊಳವೆ ತೆಗೆದು ಮಾತ್ರೆ ನಿಲ್ಲಿಸಿದರೆ ಎಷ್ಟೋ ಜನರಿಗೆ ಈ ಬೂಷ್ಟು ತಾನಾಗಿ ಹೋಗುತ್ತದೆ. ಜೋಗಯ್ಯನ ಜ್ವರವೂ ಇಳಿಯಿತು. ಆದರೆ ವಾರದ ಮೇಲೆ ನೋಡಿದಾಗ ರಾಗಿ ಕಾಳುಗಳು ಹಾಗೆಯೇ ಇದ್ದವು. ಉರಿ ಹೋಗಲಿಲ್ಲ, ಸಂಜೆಗೆ ಮೈ ಮತ್ತೆ ಬಿಸಿಯಾಗತೊಡಗಿತು. ಮೂತ್ರಪಿಂಡಕ್ಕೆ ಏರಿದರೆ ಕಷ್ಟವೆಂದು ಡಾಕ್ಟರು ತಾವೇ ಮೈಸೂರಿಗೆ ಹೋಗಿ, ಬಲ್ಲವರನ್ನು ಕೇಳಿ, ಆಂಫೊಟೆರಿಸಿನ್ ಎಂಬ ಮದ್ದಿನ ಪುಟ್ಟ ಸೀಸೆಗಳನ್ನು ಸಂಪಾದಿಸಿದರು. ಅದನ್ನು ತಣ್ಣಗೆ ಇಡಬೇಕು. ಬಿಳಿಕೆರೆಯಲ್ಲಿ ಬಸ್ಸು ಕೆಟ್ಟು ನಿಂತಾಗ, ಐಸ್ ಕ್ಯಾಂಡಿ ಮಾರುವವನ ಪೆಟ್ಟಿಗೆಯಿಂದ ಮಂಜುಗಡ್ಡೆ ಬೇಡಿ ಫ್ಲಾಸ್ಕಿಗೆ ತುಂಬಿಸಿಕೊಂಡು ಬಂದರಂತೆ.

"ರಕ್ತಕ್ಕೆ ಕೊಟ್ಟರೆ ಚಳಿ ನಡುಕ ಬರುತ್ತೆ, ಮೂತ್ರಪಿಂಡಕ್ಕೂ ಪೆಟ್ಟು. ಅದಕ್ಕೇ ಈಗ ಮೂತ್ರಕೋಶವನ್ನು ಮಾತ್ರ ಈ ಮದ್ದಿನ ನೀರಿನಿಂದ ತೊಳೀತೀನಿ. ಐದು ದಿನ" ಎಂದರು. ಆಮೇಲೆ ತಡವರಿಸಿ, "ಅದಕ್ಕೆ ಹೊಸ ಕೊಳವೆ ಹಾಕಬೇಕು" ಎಂದರು.

ಜೋಗಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಮತ್ತೆ ಗಡಿಗೆ ಕಟ್ತೀರಾ? ಬ್ಯಾಡ ಬುದ್ಧೀ. ನೀವೂ ಒಂಟೋಯ್ತೀರಿ. ಯಾರ್ನ ಉಡುಕ್ಲಿ ನಾನು?"

ಉತ್ತರ ಜವರಿಯ ಬಳಿ ಇತ್ತು. ಅವಳು ಸೀರೆಯ ಅಂಚಿನಿಂದ ಒಂದು ಎಳೆಯನ್ನು ಕಿತ್ತು, ಹೊಸೆದು, ಡಾಕ್ಟರ ಕೈಗೆ ಕೊಟ್ಟಳು. "ಐದ್ ದಿನ ಅಂದ್ರಲ್ಲ, ಇದ್ರಲ್ಲಿ ಐದ್ ಗಂಟಾಕಿ. ದಿನಕ್ಕೊಂದು ನೀವೇ ಬಿಚ್ಚಿ. ಕೊನೇ ಗಂಟು ಬಿಚ್ಚಿದ್ ದಿನ ಕೊಳ್ವೇನೂ ಬಿಚ್ಬೇಕು. ಅವನ ಕಣ್ಣೆದುರ್ಗೆ ಆಕಿ."

ಮೈಸೂರಿನಲ್ಲಿ ಓದಿದ ಆ ವೈದ್ಯರು ಹಾಡಿಯ ಹೆಂಗಸಿನ ದಾರಕ್ಕೆ ಒಂದು, ಎರಡು ಎಂದು ಎಣಿಸುತ್ತಾ ಐದು ಗಂಟು ಹಾಕಿದರು. ಜೋಗಯ್ಯ ತಿರುಗಿ ನೋಡಿದ. ದಾರವನ್ನು ತಾನೇ ಇಸಿದುಕೊಂಡು ಮಂಚದ ಸರಳಿಗೆ ಕಟ್ಟಿದ.

ಮದ್ದಿನ ನೀರು ತಿಳಿಹಳದಿಯಾಗಿತ್ತು. ಮೇಲಿನ ಸೀಸೆಯಿಂದ ಹನಿಹನಿಯಾಗಿ ಇಳಿದು, ಒಳಗನ್ನು ತೊಳೆದು, ಕೆಳಗಿನ ಸೀಸೆಗೆ ಬೀಳುತ್ತಿತ್ತು. "ನೋಡ್ಲೇ, ನಾನಿಳಿಸ್ದ ಜೇನ್ನ ನಂಗೇ ತುಂಬ್ತಾವ್ರೆ" ಎಂದ ಜೋಗಯ್ಯ. ಅವನು ಮತ್ತೆ ಹಾಸ್ಯವಾಡಿದ್ದನ್ನು ಕೇಳಿ ಜವರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಈ ಮದ್ದಿಗೆ ಉಪ್ಪುನೀರು ಸೋಕಬಾರ್ದು ಅವ್ವ" ಎಂದು ಚಿಕ್ಕಬಸಮ್ಮ ಪ್ರತಿ ಸಲ ಬೆರೆಸುವಾಗಲೂ ವಿವರಿಸುತ್ತಿದ್ದಳು. "ಹಾಲಿಗೆ ಹುಳಿ ಬಿದ್ದಂಗೆ ಒಡೆದೋಯ್ತದೆ. ಬರೀ ಶುದ್ಧವಾದ ನೀರು. ಬೆಳಕೂ ಬೀಳಬಾರ್ದು."

ಬೆಳಕು ಬೀಳಬಾರದೆಂದು ಕೇಳಿದ್ದೇ ತಡ, ಜವರಿ ತನ್ನ ಕರಿಕಂಬಳಿಯ ತುಂಡನ್ನು ಕತ್ತರಿಸಿ ಸೀಸೆಗೆ ಅಂಗಿಯಂತೆ ಹೊಲಿದಳು. ಕಿಟಕಿಯ ಬಿಸಿಲು ಸರಿದಂತೆಲ್ಲ ತಾನೂ ಸರಿದು ಅಡ್ಡ ಕುಳಿತಳು. ಮರದ ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಿದ್ದ ಹಾಗೆಯೇ ಕೊಳವೆ ಮಡಚದಂತೆ ಹಿಡಿದಿರುತ್ತಿದ್ದಳು.

"ಕೈ ನೋಯಲ್ವೇನ್ಲೇ?"

"ನೀನು ಮರದ್ ಮೇಲಿದ್ದಾಗ ಎಂದಾರಾ ನೊಂದಿದ್ದದಾ?"

ಜೋಗಯ್ಯ ತನ್ನ ಅಂಗೈಯನ್ನು ಅವಳ ಕೈಮೇಲಿಟ್ಟ.

ಮೂರು ಗಂಟು ಬಿಚ್ಚಿದವು. ನಾಲ್ಕನೆಯ ಬೆಳಗ್ಗೆ ಎಚ್.ಡಿ. ಕೋಟೆಯ ಕಡೆಯಿಂದ ಕರೆ ಬಂತು: ಹಳ್ಳಿಯೊಂದರಲ್ಲಿ ವಾಂತಿಭೇದಿ ಹರಡಿದೆ, ಡಾಕ್ಟರು ಈಗಲೇ ಹೊರಡಬೇಕು. ಜೀಪು ಬಾಗಿಲಲ್ಲಿ ಗುರುಗುಟ್ಟುತ್ತಿತ್ತು. ಜೋಗಯ್ಯ ದಾರದ ಕಡೆ ನೋಡಿದ. ಅದರಲ್ಲಿ ಎರಡು ಗಂಟುಗಳು ಉಳಿದಿದ್ದವು.

ಜೀಪು ಕಾದಿತ್ತು, ಜನ ಸಾಯುತ್ತಿದ್ದರು, ಅವಸರಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕೆ? ಆದರೂ ಆ ಮನುಷ್ಯ ಒಳಗೆ ಬಂದರು. ಸರಳಿನಿಂದ ದಾರವನ್ನು ಬಿಡಿಸಿ, ನಾಲ್ಕನೆಯ ಗಂಟನ್ನು ತಾವು ಬಿಚ್ಚಿ, ಉಳಿದ ಒಂದು ಗಂಟಿನ ದಾರವನ್ನು ಜೋಗಯ್ಯನ ಕಣ್ಣೆದುರಿಗೇ ಚಿಕ್ಕಬಸಮ್ಮನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮಡಿಸಿದರು.

"ಜೋಗಯ್ಯನವರೇ, ನನ್ನ ಕೈಯನ್ನ ಇವರ ಕೈಗೆ ಕೊಟ್ಟಿದೀನಿ. ನಾಳೆ ಬೆಳಗ್ಗೆ ಇವರೇ ಬಿಚ್ಚುತ್ತಾರೆ. ಇವರೂ ಇಲ್ಲದಿದ್ರೆ ಯಾರು ಅಂತ ಈ ಚೀಟೀಲಿ ಬರೆದಿದೀನಿ, ಕನ್ನಡದಲ್ಲಿ. ಚಿಕ್ಕಬಸಮ್ಮ, ಗಟ್ಟಿಯಾಗಿ ಓದಿ."

ಅವಳು ಓದಿದಳು. "ಈಗ ನೀವು ಹೇಳಿ, ನಾನೇನಂದೆ?" ಎಂದು ಡಾಕ್ಟರು ಜೋಗಯ್ಯನನ್ನು ಕೇಳಿದರು. ಅವನು ಪಾಠ ಒಪ್ಪಿಸುವ ಹಾಗೆ ಪೂರ್ತಿ ಹೇಳಿದ. ಅದಕ್ಕೆಲ್ಲ ಹಿಡಿದದ್ದು ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಮೊದಲ ಆಸ್ಪತ್ರೆಯಲ್ಲಿ ಉಳಿತಾಯವಾದದ್ದೂ ಇಷ್ಟೇ ಹೊತ್ತು. ಅದಕ್ಕಾಗಿ ಒಬ್ಬ ಮನುಷ್ಯ ವಾರಗಟ್ಟಲೆ ಕೊಳೆತ.

ಮರುದಿನ ಬೆಳಗ್ಗೆ ಚಿಕ್ಕಬಸಮ್ಮ ಕೊನೆಯ ಗಂಟನ್ನು ಬಿಚ್ಚಿದಳು, ಕೊಳವೆಯನ್ನೂ ತೆಗೆದಳು. ಜೋಗಯ್ಯ ಮಿಸುಕಲಿಲ್ಲ. ಡಾಕ್ಟರು ಮೂರು ದಿನದ ಮೇಲೆ ಧೂಳು ಮೆತ್ತಿಕೊಂಡು ಮರಳಿದವರು, ಮುಖ ತೊಳೆಯುವ ಮೊದಲೇ ಗಾಜಿನ ಮೇಲೆ ಹನಿಯಿಟ್ಟು ಜವರಿಯನ್ನು ಕರೆದರು.

ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಏನೂ ಇಲ್ಲ ಬುದ್ಧೀ. ಬರೀ ಬೆಳಕು."

ಹೊರಡುವ ದಿನ ಡಾಕ್ಟರು ಇನ್ನೊಂದು ಚೀಟಿ ಕೊಟ್ಟು, ಓದಿ ಹೇಳಿದರು. ಜವರಿ ಈ ಸಲ ಅದನ್ನು ತೋಳಿಗೆ ಕಟ್ಟಲಿಲ್ಲ. ಕೈಯಲ್ಲೇ ಹಿಡಿದು ಬಸ್ಸು ಹತ್ತಿದಳು. ಅದೇ ಕಂಡಕ್ಟರ್ ಬಂದಾಗ ಅವನ ಮೂಗಿನ ಮುಂದೆ ಹಿಡಿದಳು. "ಓದು ಸಾ."

"ನಿಂಗೊತ್ತಿಲ್ವಾ ಏನೈತೆ ಅಂತ?"

"ಗೊತ್ತೈತೆ. ನಿಂಗೆ ಓದಾಕ್ ಬತ್ತದಾ ಅಂತ ನೋಡ್ತೀನಿ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಾಚಿಕೊಂಡು ಓದಿದ. ಹನಗೋಡಿನಲ್ಲಿ ಇಳಿದವಳು ನೆಟ್ಟಗೆ ಅಣ್ಣಯ್ಯನ ಅಂಗಡಿಗೆ ಹೋದಳು. ಅವನು ಬಣ್ಣದ ಮಾತ್ರೆಯ ಡಬ್ಬಕ್ಕೆ ಕೈ ಹಾಕುವುದರೊಳಗೆ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಅಂಗಡಿಯಲ್ಲಿ ನಾಲ್ಕು ಜನರಿದ್ದರು. ಅಣ್ಣಯ್ಯ ಗಂಟಲು ಸರಿಮಾಡಿಕೊಂಡು ಓದಬೇಕಾಯಿತು:

"ಹದಿನೈದು ದಿನದ ಮೇಲೆ ಮೂತ್ರಪರೀಕ್ಷೆಗೆ ಬರಬೇಕು. ಡಾಕ್ಟರು ನೋಡದೆ ಯಾವ ಅಂಗಡಿಯಿಂದಲೂ ಬಣ್ಣದ ಮಾತ್ರೆ ತೆಗೆದುಕೊಳ್ಳಕೂಡದು."

ಅವನ ದನಿ ಕೊನೆಯಲ್ಲಿ ಸಣ್ಣದಾಯಿತು. "ಇನ್ನೊಂದ್ ಸಲ ಓದಣ್ಣ, ಕೇಳಿಸ್ನಿಲ್ಲ" ಎಂದ, ಬಾಗಿಲಲ್ಲಿ ಕೋಲೂರಿ ನಿಂತಿದ್ದ ಜೋಗಯ್ಯ.

ಓದುಗರೇ, ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಾಳೆ ಆಸ್ಪತ್ರೆಯ ಬಾಗಿಲಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾರಾದರೂ ಒಂದು ಮಡಿಸಿದ ಕಾಗದವನ್ನು ನಿಮ್ಮತ್ತ ಚಾಚಿದರೆ, ದಯವಿಟ್ಟು ನಿಲ್ಲಿ. ಅದನ್ನು ಬಿಚ್ಚಿ, ಕೊನೆಯ ಸಾಲಿನವರೆಗೂ ಓದಿ ಹೇಳಿ. ಹೇಳಿದ್ದನ್ನು ಅವರ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ. ಆಮೇಲೆ ನಿಮ್ಮ ಬಸ್ಸು ಹತ್ತಿ.